ಹಾಲೆಂಡಿನ ಸಮುದ್ರ ತೋರಿಸುತ್ತಿದ್ದವರು

ಹೋದ ತಿಂಗಳು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಹುಡುಗಿ ಫೋನ್ ಮಾಡಿದಳು. “ಆಂಟೀ, ಅಂಕಲ್ ಹೋಗ್ಬಿಟ್ರಲ್ಲ, ಸ್ಮರಣ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡ್ತೀರಾ? ನಿಮಗೆ ತುಂಬಾ ಚೆನ್ನಾಗಿ ಗೊತ್ತಿತ್ತಂತೆ.” ಗೊತ್ತಿತ್ತು, ತುಂಬಾ ಚೆನ್ನಾಗಿಯೇ ಗೊತ್ತಿತ್ತು. ಕೂತು ಯೋಚಿಸಿದೆ. ಮಾತು ಬೇಕಾದಷ್ಟು ಸಿಕ್ಕವು, ಒಳ್ಳೆಯವು ಮಾತ್ರ ಸಿಗಲಿಲ್ಲ. ಸತ್ತವರ ತಪ್ಪು ಎತ್ತಿ ಆಡಬಾರದು ಅನ್ನುತ್ತಾರೆ. ಬದುಕಿದ್ದಾಗ ಎತ್ತೋಣವೆಂದರೆ ಅವರು ಬಾಯಿ ಮುಚ್ಚುತ್ತಿರಲಿಲ್ಲ, ನಮಗೆ ಬಾಯಿ ತೆರೆಯಲು ಜಾಗ ಸಿಗುತ್ತಿರಲಿಲ್ಲ. ಹಾಗಾದರೆ ಎತ್ತುವುದು ಯಾವಾಗ? ಸಂಚಿಕೆಗೆ ಬೇರೆ ಯಾರಾದರೂ ಬರೆಯಲಿ, ಇದನ್ನು ನಾನು ನನ್ನ ಸಮಾಧಾನಕ್ಕೆ ಬರೆಯುತ್ತಿದ್ದೇನೆ. ಅವರ ಹೆಂಡತಿ ನನ್ನ ಗೆಳತಿ, ಈಗಲೂ ಅದೇ ಮನೆಯಲ್ಲಿದ್ದಾಳೆ. ಅವಳನ್ನು ಕೇಳಿಯೇ ಕೂತೆ. “ಬರೀರಿ ಅಕ್ಕ, ಹೆಸರು ಮಾತ್ರ ಹಾಕ್ಬೇಡಿ,” ಅಂದಳು. ಹೆಸರು ಹಾಕುವುದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ದೇಶ ಬಿಟ್ಟು ಬಂದು ಹೇವರ್ಡ್ ಎಂಬ ಊರಿನಲ್ಲಿ ಫ್ರೀವೇ ಪಕ್ಕದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು, ಅವರು ಅದೇ ಊರಿನ ಗುಡ್ಡದ ಮೇಲೆ ಸ್ವಂತ ಮನೆಯಲ್ಲಿದ್ದರು. ಗುಡ್ಡದ ಮೇಲಿದ್ದೇವೆ ಎಂಬುದನ್ನು ಅವರು ಯಾವತ್ತೂ ಮರೆತವರಲ್ಲ. ಮೈಸೂರಿನವರು, ಎಂಜಿನಿಯರು, ಶನಿವಾರವೂ ಟೈ ಕಟ್ಟುತ್ತಿದ್ದರು. ಯಾರಾದರೂ ಏನಾದರೂ ಹೇಳಿದರೆ ತೋರುಬೆರಳು ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, “ನೋ ನೋ ನೋ, ಐ ವಿಲ್ ಟೆಲ್ ಯು,” ಅನ್ನುತ್ತಿದ್ದರು. ಬೆರಳು ಮೇಲೆದ್ದರೆ ಮುಗಿಯಿತು, ಕೇಳಿದವರ ಕಾಫಿ ಆರಿ ತಣ್ಣಗಾಗುವ ತನಕ ಅದು ಕೆಳಗೆ ಇಳಿಯುತ್ತಿರಲಿಲ್ಲ.

ಅವರ ಕಂಪನಿಯವರು ಒಮ್ಮೆ ಅವರನ್ನು ಹಾಲೆಂಡಿನ ಹೇಗ್ ನಗರಕ್ಕೆ ಮೀಟಿಂಗಿಗೆ ಕಳಿಸಿದರು. ಯಾಕೆ ಕಳಿಸಿದರೋ, ಆಫೀಸಿನಲ್ಲಿ ಒಂದು ವಾರ ನೆಮ್ಮದಿಯಾಗಿರೋಣ ಅಂತಲೇ ಇರಬೇಕು. ಹೇಗ್‌ಗೆ ಅಂಟಿಕೊಂಡ ಹಾಗೆ ಸಮುದ್ರದ ದಂಡೆಯಲ್ಲಿ ಸ್ಖೇವನಿಂಗನ್ ಅಂತ ಒಂದು ಊರಿದೆ. ಬೇಸಿಗೆಯಲ್ಲಿ ಆ ದೇಶದ ಜನವೆಲ್ಲ ಬಂದು ಮರಳಿನ ಮೇಲೆ ಮಲಗುವ ಊರು. ಮೀಟಿಂಗು ಬೇಗ ಮುಗಿದ ಒಂದು ಮಧ್ಯಾಹ್ನ ಇವರು ಟ್ರಾಮು ಹತ್ತಿ ಅಲ್ಲಿಗೆ ಹೋಗಿ ಸಂಜೆಗೆ ವಾಪಸು ಬಂದರು. ಆ ಒಂದು ಮಧ್ಯಾಹ್ನವನ್ನು ಅವರು ನಮಗೆ ವರ್ಷಗಟ್ಟಲೆ ಬಡಿಸಿದರು.

ಊರಿನ ಹೆಸರನ್ನು ಅಲ್ಲಿಯವರ ಹಾಗೆಯೇ ಗಂಟಲಿನ ಬುಡದಿಂದ ಎಳೆದು ಹೇಳುತ್ತಿದ್ದರು, ನಮ್ಮ ಕೈಲೂ ಹೇಳಿಸುತ್ತಿದ್ದರು. ಮಂಡ್ಯದ ಕಡೆಯವರಾದ ನನ್ನ ಯಜಮಾನರು ಒಂದು ಸಲ ತಡೆಯಲಾರದೆ, “ಅದೇನ್ ಸಾ, ಆ ಊರ್‌ಗೋಗಕ್ಕೆ ಮುಂಚೆ ಕಫ ಕಟ್ಕೊಂಡಿರ್ಬೇಕಾ?” ಅಂದುಬಿಟ್ಟರು. ಗುಡ್ಡದ ಮೇಲಿನವರು ಎರಡು ತಿಂಗಳು ನಮ್ಮ ಜೊತೆ ಮಾತು ಬಿಟ್ಟರು. ಆ ಎರಡು ತಿಂಗಳು ಬಹಳ ಚೆನ್ನಾಗಿದ್ದವು.

ಸಮುದ್ರ ನಮಗೇನು ಇರಲಿಲ್ಲವೆ? ಸ್ಯಾನ್ ಮಟೇಯೊ ಸೇತುವೆ ದಾಟಿ, ಬೆಟ್ಟ ಹತ್ತಿ ಇಳಿದರೆ ಹಾಫ್ ಮೂನ್ ಬೇ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕೂತು ತಿಂದು ಬರುತ್ತಿದ್ದೆವು. ಅವರನ್ನು ಕರೆದರೆ ಬೆರಳು ಎದ್ದಿತು. “ಅದು ಕಾಡು ಸಮುದ್ರ ಕಣ್ರೀ. ಹೋಗಿ ನೋಡೋದೇನಿದೆ? ಅಲ್ಲಿ ನೋಡ್ಬೇಕು ನೀವು, ಸಮುದ್ರಕ್ಕೂ ಒಂದು ಶಿಸ್ತಿದೆ.” ಶಿಸ್ತು ಅಂದರೆ ಏನೆಂದು ಕೇಳಿದರೆ, ದಂಡೆಯುದ್ದಕ್ಕೂ ಸಾಲಾಗಿ ಕುರ್ಚಿ ಹಾಕಿರುತ್ತಾರಂತೆ. ಮದುವೆ ಮನೆಯಲ್ಲೂ ಹಾಕಿರುತ್ತಾರೆ. ಹೆಂಡತಿಯನ್ನು ಅವರು ಹಾಫ್ ಮೂನ್ ಬೇಗೆ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ, ನಮ್ಮ ಜೊತೆ ಕಳಿಸಲೂ ಇಲ್ಲ.

ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೂ ಅವರ ಮನೆಯಲ್ಲಿ ಪದ್ಧತಿಯೇ ಬೇರೆ. ಬೇರೆಯವರ ಮನೆಯಲ್ಲಿ ಮೊದಲು ಊಟ, ಆಮೇಲೆ ಹರಟೆ. ಇವರ ಮನೆಯಲ್ಲಿ ಮೊದಲು ಸ್ಲೈಡು. ಹಾಲಿನ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಪರದೆ ಎಳೆದು ಕತ್ತಲೆ ಮಾಡಿ, ಪ್ರೊಜೆಕ್ಟರು ಹಚ್ಚುತ್ತಿದ್ದರು. ಸ್ಲೈಡು ಮುಗಿಯುವ ತನಕ ಅಡುಗೆಮನೆಯಲ್ಲಿ ಯಾವ ಟ್ರೇಯ ಫಾಯಿಲೂ ತೆಗೆಯುವ ಹಾಗಿಲ್ಲ. ಒಳಗಿನಿಂದ ಬಿಸಿಬೇಳೆಬಾತಿನ ವಾಸನೆ, ಗೋಡೆಯ ಮೇಲೆ ಹಾಲೆಂಡು. ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಕಟ್ಟೆ, ಅರಮನೆಯಂಥ ಹಳೇ ಹೋಟೆಲು, ಬೆನ್ನು ತೋರಿಸಿ ಕೂತ ಅಪರಿಚಿತ ಜನ. ಮಕ್ಕಳು ಅವರಮ್ಮಂದಿರ ತೊಡೆಯ ಮೇಲೆ ಹೊರಳಾಡಿ, “ಮಾಮ್, ಐ ಆ್ಯಮ್ ಹಂಗ್ರಿ,” ಅಂತ ರಾಗ ತೆಗೆದರೆ ಅವರು ಇನ್ನೂ ನಿಧಾನ ಮಾಡುತ್ತಿದ್ದರು.

ಒಂದು ಸ್ಲೈಡಿನಲ್ಲಿ ಅವರು ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಬಾಲ ಹಿಡಿದ ಹಸಿ ಮೀನೊಂದನ್ನು ಬಾಯಿಯ ಮೇಲೆ ತೂಗಿಸಿಕೊಂಡಿದ್ದರು. ಅಲ್ಲಿಯವರು ಹಾಗೇ ತಿನ್ನುವುದಂತೆ. ಈರುಳ್ಳಿಯನ್ನೂ ಮುಟ್ಟದ ಮನೆತನ ಅಂತ ಹೇಳಿಕೊಳ್ಳುವವರು, ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್ ಕಡೆ ಹೋದರೆ ಅದರ ವಾಸನೆಗೆ ಕಾರಿನ ಕಿಟಕಿ ಏರಿಸುವವರು. “ತಿಂದ್ರಾ ಸಾರ್?” ಅಂತ ಯಾರೋ ಕೇಳಿದರು. “ಛೆ ಛೆ, ತಿನ್ನಲಿಲ್ಲ. ಅವರ ಸಂಸ್ಕೃತಿಗೆ ಗೌರವ ಕೊಡ್ಬೇಕಲ್ಲ, ಹಿಡ್ಕೊಂಡೆ.” ಅವರ ಬದುಕೆಲ್ಲ ಹಾಗೇ. ತಿನ್ನುವ ಧೈರ್ಯವೂ ಇಲ್ಲ, ಬಿಡುವ ಧೈರ್ಯವೂ ಇಲ್ಲ, ಫೋಟೋ ಒಂದು ಬೇಕು.

ನನ್ನ ಗೆಳತಿಯ ಪರಿಚಯ ನನಗಾದದ್ದು ಅವರ ಮೂಲಕ ಅಲ್ಲ. ನಾವಿಬ್ಬರೂ ಹೇವರ್ಡಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದೆವು. ಅವಳು ಬೆಸುಗೆ ಹಾಕುತ್ತಾಳೆ ಅನ್ನುವುದು ಅವರಿಗೆ ನಾಚಿಕೆ. ಕೇಳಿದವರಿಗೆ, “ಶಿ ಈಸ್ ಇನ್ ಎಲೆಕ್ಟ್ರಾನಿಕ್ಸ್,” ಅನ್ನುತ್ತಿದ್ದರು. ಅವಳು ನನಗಿಂತ ಚಿಕ್ಕವಳು, ನಗುವವಳು. ಬಾಯಿ ತುಂಬ ಅವಳ ಅಪ್ಪನ ಮಾತು. ಅಮ್ಮನಿಗೆ ಕೀಲುನೋವು ಇದ್ದದ್ದರಿಂದ ಚಿಕ್ಕಂದಿನಲ್ಲಿ ಅವಳಿಗೆ ಜಡೆ ಹಾಕುತ್ತಿದ್ದದ್ದು ಅಪ್ಪ. “ಎಷ್ಟು ಬಿಗಿಯಾಗಿ ಹೆಣೀತಿದ್ರು ಅಂದ್ರೆ ಅಕ್ಕ, ಸ್ಕೂಲಲ್ಲಿ ನನ್ನ ಹುಬ್ಬು ಎರಡು ದಿನ ಕೆಳಗೆ ಇಳೀತಿರ್ಲಿಲ್ಲ,” ಅನ್ನುತ್ತಿದ್ದಳು.

ಐದು ವರ್ಷ ಅವಳು ಊರಿಗೆ ಹೋಗಿರಲಿಲ್ಲ. ಪ್ರತಿ ವರ್ಷವೂ ಅವರಿಗೆ ಒಂದು ನೆಪ. ಕೊನೆಗೆ, ಎಂಬತ್ತೈದೋ ಎಂಬತ್ತಾರೋ ಇರಬೇಕು, ಅಪ್ಪನಿಗೆ ಬಹಳ ನಿಶ್ಶಕ್ತಿ ಅಂತ ಕಾಗದ ಬಂದಾಗ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಆದರೆ ಒಂದು ಷರತ್ತು. ಹೇಗೂ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಬೇಕು, ಅಲ್ಲಿಂದ ಸ್ಖೇವನಿಂಗನ್ನಿಗೆ ಹೋಗಿ ಮೂರು ರಾತ್ರಿ ಇದ್ದು ಮುಂದೆ ಹೋಗುವುದು. “ನಾನು ನೋಡಿದ್ದನ್ನ ನೀನೂ ನೋಡ್ಬೇಕಲ್ವಾ?” ಅಂದರಂತೆ. ಅವಳು, “ಬರ್ತಾ ನೋಡೋಣ ರೀ, ಈಗ ನೇರ ಅಪ್ಪನ ಹತ್ರ ಹೋಗೋಣ,” ಅಂದಳು. ಬರುವ ಹೊತ್ತಿಗೆ ಅಲ್ಲಿ ಚಳಿ ಶುರುವಾಗಿ ಕುರ್ಚಿ ಎತ್ತಿಟ್ಟಿರುತ್ತಾರೆ ಅಂದರು. ಅವಳು ಸುಮ್ಮನಾದಳು. ಹೋಗುವುದೇ ಹೆಚ್ಚು ಅನ್ನಿಸಿತ್ತು ಅವಳಿಗೆ.

ಹೊರಡುವ ಹಿಂದಿನ ಸಂಜೆ, ಗುರುವಾರ, ಸೂಟ್‌ಕೇಸು ತೂಗಲು ನಮ್ಮ ಬಾತ್‌ರೂಮಿನ ತಕ್ಕಡಿ ತೆಗೆದುಕೊಂಡು ಹೋಗಲು ಬಂದಿದ್ದಳು. ಅಪ್ಪನಿಗೆ ತಾನೇ ಹೆಣೆದ ಬೂದು ಬಣ್ಣದ ಸ್ವೆಟರನ್ನು ತಂದು ತೋರಿಸಿದಳು. ತೋಳು ಉದ್ದವಾಯಿತೇನೋ ಅಂತ ನನ್ನ ಯಜಮಾನರಿಗೆ ತೊಡಿಸಿ ಎರಡೆರಡು ಸಲ ನೋಡಿದಳು. ಕಾಫಿ ಕುಡಿದು, ನಿಧಾನವಾಗಿ ಹೋದಳು.

ತಿಂಗಳಾದ ಮೇಲೆ ವಾಪಸು ಬಂದವಳು ಬೇರೆಯೇ ಆಗಿದ್ದಳು. ಹಾಲೆಂಡಿನಲ್ಲಿ ಮೂರು ರಾತ್ರಿ ಕಳೆದು ಬೊಂಬಾಯಿಗೆ ಇಳಿದಾಗ ಇವರು ಏರ್‌ಪೋರ್ಟಿನಲ್ಲಿ ಫೋನ್ ಮಾಡಲು ಹೋಗಿ ಬಂದು, “ನಿಮ್ಮಪ್ಪ ಶುಕ್ರವಾರವೇ ಹೋಗ್ಬಿಟ್ರಂತೆ, ಈಗ ಗೊತ್ತಾಯ್ತು,” ಅಂದರಂತೆ. ಶುಕ್ರವಾರ ಅವರು ಇಲ್ಲಿ ವಿಮಾನ ಹತ್ತಿದ ದಿನ. “ನಾವು ಬೀಗ ಹಾಕ್ಕೊಂಡು ಹೊರಟ ಮೇಲೆ ಖಾಲಿ ಮನೇಲಿ ಫೋನು ಹೊಡ್ಕೊಂಡಿರುತ್ತೆ ಅಕ್ಕ,” ಅನ್ನುತ್ತಿದ್ದಳು. ಮೈಸೂರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಅವಳಮ್ಮ ಕೇಳಿದ್ದು ಒಂದೇ ಮಾತು, “ಸಮುದ್ರ ಚೆನ್ನಾಗಿತ್ತೇನೇ?” ಆಮೇಲೆ ಮಾತಿಲ್ಲ. ವೈಕುಂಠ ಸಮಾರಾಧನೆಯ ದಿನ ಪಕ್ಕದ ಎಲೆಗೆ ಕೂತರೂ ಮಾತಿಲ್ಲ. ಡಾಕ್ಟರಾಗಿದ್ದ ಅವಳ ತಮ್ಮ ಮುಖ ತಿರುಗಿಸಿಕೊಂಡು ಓಡಾಡಿದ. ಇಲ್ಲಿಗೆ ಬಂದ ಮೇಲೆ ಬರೆದ ಕಾಗದಕ್ಕೆ ಉತ್ತರವಿಲ್ಲ. ಫೋನ್ ಮಾಡಿದರೆ ಯಾವ ಹೊತ್ತಾದರೂ, “ಅಮ್ಮ ಮಲ್ಗಿದಾರೆ,” ಅನ್ನುತ್ತಿದ್ದ ತಮ್ಮ.

ಒಂದು ವರ್ಷ ಹೀಗೇ ಹೋಯಿತು. ತವರಿನ ಬಾಗಿಲು ಯಾಕೆ ಮುಚ್ಚಿತು ಅಂತ ಅವಳು ತಾನೇ ಒಂದು ಕಾರಣ ಹುಡುಕಿಕೊಂಡಳು. ದಾರಿಯಲ್ಲಿ ಇಳಿದದ್ದೇ ತಪ್ಪು, ತಾನು ಹಠ ಮಾಡಿ ನೇರ ಹೋಗಬೇಕಾಗಿತ್ತು. ತವರಿನವರು ಯಾರೂ ಇದಿರಿಗೆ ಕೂರಿಸಿಕೊಂಡು ಕೇಳುವವರಲ್ಲ, ಇವಳೂ ಕೇಳುವವಳಲ್ಲ. ನಮ್ಮ ಮರ್ಯಾದಸ್ಥ ಮನೆಗಳು ಇರುವುದೇ ಹೀಗೆ, ಜಗಳ ಆಡಿದರೆ ಮಾನ ಹೋಗುತ್ತದೆ ಅಂತ ಜನ್ಮವಿಡೀ ಮಾತು ಬಿಡುತ್ತಾರೆ. ಬೆಸುಗೆ ಹಾಕುತ್ತಾ ಹಾಕುತ್ತಾ ಅವಳ ಕಣ್ಣು ತುಂಬಿದರೆ ಹೊಗೆ ಅಂತ ಹೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರು ಮಾತ್ರ ಹೊಸ ಸ್ಲೈಡುಗಳನ್ನು ಜೋಡಿಸಿಕೊಂಡು ಖುಷಿಯಾಗಿದ್ದರು.

ಮಾರನೆಯ ವರ್ಷ ದಸರೆಯ ಸಮಯಕ್ಕೆ ಅವರ ಮನೆಯಲ್ಲಿ ಪಾಟ್‌ಲಕ್ ಇಟ್ಟರು. ನಲವತ್ತು ಜನರಾದರೂ ಇದ್ದೆವು. ಎಂದಿನ ಹಾಗೆ ಬೆಡ್‌ಶೀಟು, ಎಂದಿನ ಹಾಗೆ ಕತ್ತಲೆ. ಧಾರವಾಡದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿಗೆ ಮುಂದಿನ ಸೋಫಾದಲ್ಲಿ ಜಾಗ ಕೊಟ್ಟಿದ್ದರು. ನನ್ನ ಗೆಳತಿ ಪೇಪರ್ ಪ್ಲೇಟಿನ ಕಟ್ಟು ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕಟ್ಟೆ ಬಂತು, ಹೋಟೆಲು ಬಂತು, ಕುರ್ಚಿಗಳ ಸಾಲು ಬಂತು. ಆಮೇಲೆ ಅವಳದೇ ಚಿತ್ರ. ಗಾಳಿಗೆ ಸೀರೆಯ ಸೆರಗು ಮೇಲಕ್ಕೆ ಹಾರಿದೆ, ಒಂದು ಕೈಯಲ್ಲಿ ಅದನ್ನು ಹಿಡಿಯಲು ಹೋಗಿ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಜೋರಾಗಿ ನಗುತ್ತಿದ್ದಾಳೆ.

“ಎಷ್ಟ್ ಚೆನ್ನಾಗಿ ನಕ್ಕಿದಾರೆ,” ಅಂದರು ಯಾರೋ.

ಬೆರಳು ಮೇಲೆದ್ದಿತು. “ಐ ವಿಲ್ ಟೆಲ್ ಯು. ಈ ನಗು ಇದೆಯಲ್ಲ, ಇದು ಉಳಿದಿದ್ದು ನನ್ನಿಂದ. ಈ ಫೋಟೋ ತೆಗ್ದಾಗ ಅವಳ ಫಾದರ್ ತೀರ್ಕೊಂಡು ಮೂರು ದಿನ ಆಗಿತ್ತು. ನಂಗೆ ಗೊತ್ತಿತ್ತು. ಅವಳಿಗೆ ಗೊತ್ತಿರ್ಲಿಲ್ಲ. ಹೊರಡೋ ಹಿಂದಿನ ಸಂಜೆಯೇ ಫೋನ್ ಬಂತು, ಅಲ್ಲಿ ಆಗ್ಲೇ ಶುಕ್ರವಾರ ಬೆಳಿಗ್ಗೆ. ಇವಳು ತಕ್ಕಡಿ ತರೋಕೆ ಹೋಗಿದ್ಲು. ಹೇಳಿದ್ರೆ ಏನಾಗ್ತಿತ್ತು? ಪಾಪ, ಇವಳ ಟ್ರಿಪ್ಪೇ ಹಾಳಾಗ್ತಿತ್ತು. ಹೇಳ್ಲಿಲ್ಲ. ಒಂದು ದಿನಾನೂ ಮುಖದಲ್ಲಿ ತೋರಿಸ್ಲಿಲ್ಲ.”

ಎಲ್ಲರೂ ಗೋಡೆಯ ಮೇಲಿನ ಆ ನಗುವನ್ನೇ ನೋಡಿದರು. ಅದನ್ನು ಅವರು ಮೆಚ್ಚುಗೆ ಅಂದುಕೊಂಡರು.

“ಶಾಸ್ತ್ರದ ಪ್ರಕಾರನೂ ನಾನು ಮಾಡಿದ್ದು ಸರಿ,” ಅಂತ ಮುಂದುವರಿಸಿದರು. “ದೂರದಲ್ಲಿರೋರಿಗೆ ಸೂತಕ ಯಾವಾಗ್ಲಿಂದ? ಕೇಳಿದ ಹೊತ್ತಿಂದ. ಕೇಳೋವರೆಗೂ ಸೂತಕ ಇಲ್ಲ. ಅವಳು ಕೇಳಿರ್ಲಿಲ್ಲ. ಸೋ, ನೋ ಸೂತಕ. ಹೋಟ್ಲು ಬುಕ್ ಆಗಿತ್ತು, ಬಿಸಿಲು ಬೇರೆ ಚೆನ್ನಾಗಿತ್ತು.”

ಶ್ರಾದ್ಧದ ದಿನವೂ ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡುವ ಮನುಷ್ಯ ಇವರು. ಜನಿವಾರ ಎಲ್ಲಿದೆ ಅಂತ ಹುಡುಕಬೇಕಾಗಿತ್ತು. ಇಡೀ ಧರ್ಮಶಾಸ್ತ್ರದಲ್ಲಿ ಇವರಿಗೆ ನೆನಪಿದ್ದದ್ದು ಇದೊಂದು ಸಾಲು, ಅದನ್ನೂ ನೆನಪಿಟ್ಟುಕೊಂಡದ್ದು ಮೂರು ದಿನದ ಮೋಜಿಗೆ. ಇಷ್ಟು ನೀಚ ಬುದ್ಧಿಯನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಧಾರವಾಡದ ಅಜ್ಜಿ ಕನ್ನಡಕ ಸರಿ ಮಾಡಿಕೊಂಡರು. “ಆಕಿ ಕೇಳಿರ್ಲಿಲ್ಲ, ಖರೆ. ನೀವು ಕೇಳಿದ್ರಲ್ಲಾ? ಹೆಣ್ಣು ಕೊಟ್ಟ ಮಾವ ಹೋಗ್ಯಾನ ಅಂತ ಕಿವಿಲೆ ಕೇಳಿ, ಕುರ್ಚಿ ಹಾಕ್ಕೊಂಡು ಕೂತಿದ್ರೇನು?”

“ಅಜ್ಜಿ, ಅದು ಬೇರೆ ವಿಷ್ಯ,” ಅಂದರು.

ಅಡುಗೆಮನೆಯ ಬಾಗಿಲಿನಿಂದ ಅವಳ ಧ್ವನಿ ಬಂತು. ಜೋರಾಗಿ ಏನೂ ಅಲ್ಲ. “ಗುರುವಾರ ಫೋನ್ ಮಾಡಿದ್ದು ಯಾರು?”

“ನಿನ್ ತಮ್ಮ. ಇನ್ಯಾರು?”

“ಏನಂದ?”

“ಅದೇ, ಎಮೋಷನಲ್ಲು. ಹೇಗೂ ನಾಳೆ ಹೊರಡ್ತಿದೀರಲ್ಲ, ನೇರ ಬಂದ್ಬಿಡಿ, ನಮ್ಮ ಆಸ್ಪತ್ರೇಲಿ ಐಸ್‌ನಲ್ಲಿಡ್ತೀವಿ, ಭಾನುವಾರದವರೆಗೂ ಕಾಯ್ತೀವಿ, ಅಕ್ಕ ಒಂದ್ಸಲ ಮುಖ ನೋಡ್ಲಿ ಅಂದ. ನಾನೇ ಬೇಡ ಅಂದೆ. ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು. ಹೋಗಿ ಮಾಡೋದೇನು, ಅಳೋದು ತಾನೆ? ಬುಧವಾರ ಹೋದ್ರೂ ಅಳಬಹುದಲ್ಲ.”

“ನಾನು ಏನಂದೆ ಅಂತ ಹೇಳಿದ್ರಿ?”

ಆಗ ಮೊದಲ ಸಲ ಅವರ ಬೆರಳು ಸ್ವಲ್ಪ ತಗ್ಗಿತು. “ನೀನೂ ಕಾಯೋದು ಬೇಡ ಅಂತಿದೀಯ ಅಂತ ಹೇಳ್ದೆ. ಇಲ್ಲಾಂದ್ರೆ ಅವನು ಬಿಡ್ತಿದ್ನಾ? ಈಗ ಅದನ್ನೆಲ್ಲ ಯಾಕೆ ಎತ್ತೀಯ, ಜನ ಇದಾರೆ.”

ಅವಳು ಪ್ಲೇಟಿನ ಕಟ್ಟನ್ನು ಕೌಂಟರಿನ ಮೇಲೆ ಇಟ್ಟಳು. ಅಡುಗೆಮನೆಯ ಗೋಡೆಯಲ್ಲಿದ್ದ ಫೋನ್ ತೆಗೆದು ನಂಬರು ತಿರುಗಿಸಿದಳು. ಮೊದಲ ಸಲ ಲೈನು ಸಿಗಲಿಲ್ಲ. ಇಟ್ಟು ಮತ್ತೆ ತಿರುಗಿಸಿದಳು. ನಾನು ಎದ್ದು ಹೋಗಿ ಅವಳ ಪಕ್ಕ ನಿಂತೆ. ಮೈಸೂರಿನಲ್ಲಿ ಆಗ ಭಾನುವಾರದ ಬೆಳಿಗ್ಗೆ. ತಮ್ಮ ಎತ್ತಿದ. “ಅಮ್ಮ ಮಲ್ಗಿದ್ರೆ ಎಬ್ಬಿಸು,” ಅಂದಳು. ಅವನು ಏನೋ ಅಂದ. “ಇಲ್ಲ, ಇಡಲ್ಲ. ಎಬ್ಬಿಸು,” ಅಂದಳು. ಅವಳು ಆ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹಾಲಿನಲ್ಲಿ ಯಾರೂ ದೀಪ ಹಾಕಲಿಲ್ಲ. ಪ್ರೊಜೆಕ್ಟರಿನ ಫ್ಯಾನು ತಿರುಗುತ್ತಿತ್ತು, ಗೋಡೆಯ ಮೇಲೆ ಆ ನಗು ಹಾಗೇ ಇತ್ತು. ಮಕ್ಕಳು ಕೂಡ ಹಸಿವು ಅನ್ನಲಿಲ್ಲ.

“ಅಮ್ಮಾ,” ಅಂದಳು. “ನಂಗೆ ಗೊತ್ತಿರ್ಲಿಲ್ಲಮ್ಮ. ಅಪ್ಪ ಹೋಗಿದ್ದು ನಂಗೆ ಗೊತ್ತೇ ಇರ್ಲಿಲ್ಲ. ಕಾಯ್ಬೇಡಿ ಅಂತ ನಾನು ಹೇಳ್ಲೇ ಇಲ್ಲ. ಇಲ್ಲಮ್ಮ, ನಿನ್ನಾಣೆ. ನಾನು ಆಗ ಅಪ್ಪನ ಸ್ವೆಟರಿನ ತೋಳು ನೋಡ್ತಾ ಇದ್ದೆ.”

ಆಮೇಲೆ ನನಗೂ ಕೇಳಿಸುವಷ್ಟು ದೊಡ್ಡದಾಗಿ, ಏಳು ಸಮುದ್ರದಾಚೆ ಒಬ್ಬ ಮುದುಕಿ ಅಳುವುದು ಕೇಳಿಸಿತು. ನನ್ನ ಗೆಳತಿ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಿದ್ದಳು.

ಅಷ್ಟರಲ್ಲಿ ಹಾಲಿನಿಂದ ಅವರ ಧ್ವನಿ ಬಂತು. ಆ ಹೊತ್ತಿನಲ್ಲೂ ಅವರ ಬಾಯಿಂದ ಬಂದದ್ದು ಇಷ್ಟೇ. “ನೋಡು, ಬೇಗ ಮುಗಿಸ್ಬಿಟ್ಟು ಬಾ. ಇನ್ನೂ ಸ್ಲೈಡ್ಸ್ ಇವೆ. ಎಲ್ಲಾರೂ ಕಾಯ್ತಿದಾರೆ.”

ಅವಳು ಆ ಕಡೆ ತಿರುಗಲಿಲ್ಲ.

“ಕಾಯ್ಲಿ ಬಿಡಮ್ಮ,” ಅಂದಳು ಫೋನಿನಲ್ಲಿ. “ನೀನು ಮಾತಾಡು.”

ನಾವೆಲ್ಲ ಕಾದೆವು. ಅವರೂ ಕಾದರು, ಪ್ರೊಜೆಕ್ಟರಿನ ರಿಮೋಟು ಕೈಯಲ್ಲಿ ಹಿಡಿದುಕೊಂಡು.